ಹೆರಿಗೆ ರಜೆಯಲ್ಲಿ ಭಾನುವಾರಕ್ಕೂ ಸಂಬಳ ಉಂಟು

ಹೆರಿಗೆ ರಜೆಯ ತಕರಾರು ಹಿಡಿದು ನನ್ನ ಹತ್ತಿರ ಬರುವವರಲ್ಲಿ ರಜೆಯೇ ಸಿಗಲಿಲ್ಲ ಎನ್ನುವವರು ಈಗ ಕಡಿಮೆ. 26 ವಾರ ಎನ್ನುವುದು ಎಲ್ಲರಿಗೂ ಬಾಯಿಪಾಠವಾಗಿದೆ. ಜಗಳ ಇರುವುದು ದುಡ್ಡಿನಲ್ಲಿ. ಯಾಕೆ ಕಡಿಮೆ ಬಂತು ಎಂದು ಕೇಳಿದರೆ 'ಸಿಸ್ಟಮ್ಮೇ ಹಾಗೆ ಲೆಕ್ಕ ಹಾಕಿದೆ ಮೇಡಂ' ಎಂಬ ಉತ್ತರ.

26 ವಾರ ಎಂದರೆ 182 ದಿನ. ದಿನಗೂಲಿ ಲೆಕ್ಕದವರಿಗೆ ಎಷ್ಟೋ ಕಡೆ ವಾರಕ್ಕೆ ಆರೇ ದಿನ ಹಿಡಿದು 156 ದಿನದ ಹಣ ಕೊಡುತ್ತಾರೆ. ಇದು ಹಳೇ ಜಗಳ. ರಜೆ 12 ವಾರವಿದ್ದ ಕಾಲದಲ್ಲಿ ತೋಟವೊಂದರ ಮಾಲೀಕರು ಕೆಲಸಗಾರ್ತಿಗೆ 72 ದಿನದ ಕೂಲಿ ಕೊಟ್ಟು ಸುಮ್ಮನಾಗಿದ್ದರು. ಭಾನುವಾರ ಕೆಲಸ ಇಲ್ಲ, ಹಾಗಾಗಿ ಕೂಲಿಯೂ ಇಲ್ಲ ಎಂಬುದು ಅವರ ವಾದ. 1977ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ವಾರಕ್ಕೆ ಏಳು ದಿನ, ಭಾನುವಾರವೂ ಸೇರಿ ಎಂದಿತು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಪ್ಪಿದೆ. ರಜೆಗೆ ಹೋಗುವ ಮುಂಚಿನ ಮೂರು ತಿಂಗಳಲ್ಲಿ ಕೆಲಸ ಮಾಡಿದ ದಿನಗಳ ಸಂಬಳದ ಸರಾಸರಿಯೇ ದಿನದ ದರ. 'ಕೆಲಸ ಮಾಡಿದ ದಿನಗಳ' ಎಂಬ ಮಾತನ್ನು ಗಮನಿಸಿ. ಬಸುರಿಗೆ ಡಾಕ್ಟರ್ ವಿಶ್ರಾಂತಿ ಹೇಳಿದ್ದಾರೆ ಅಂದುಕೊಳ್ಳಿ. ಮೂರು ತಿಂಗಳಲ್ಲಿ ಕೆಲಸದ ದಿನ 78. ಆಕೆ 20 ದಿನ ಸಂಬಳ ಇಲ್ಲದ ರಜೆ ಹಾಕಿ 58 ದಿನ ದುಡಿದರು. ದಿನಕ್ಕೆ 600ರಂತೆ ಸಿಕ್ಕಿದ್ದು 34,800 ರೂಪಾಯಿ. ಇದನ್ನು 58ರಿಂದ ಭಾಗಿಸಿದರೆ 600. ಕಚೇರಿಯವರು 78ರಿಂದ ಭಾಗಿಸಿದರೆ ಸುಮಾರು 446. ಸಣ್ಣ ವ್ಯತ್ಯಾಸ ಅನ್ನಿಸಬಹುದು, ಆದರೆ 182 ದಿನಕ್ಕೆ ಅದು 28,000 ರೂಪಾಯಿ! ಬೇಕಂತಲೇ ಹೀಗೆ ಮಾಡುವವರು ಕಡಿಮೆ. ಯಾರೂ ಕೇಳುವುದಿಲ್ಲ, ಹಾಗಾಗಿ ಯಾರೂ ತಿದ್ದುವುದಿಲ್ಲ.

ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ಹಣ, ಕಟ್ ಆಗುತ್ತಿದ್ದರೆ ಹಣ ಕೊಡುವುದು ಇಎಸ್‌ಐ ನಿಗಮ, ಕಂಪನಿಯಲ್ಲ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳದ್ದು) ಒಟ್ಟು 70 ದಿನದ ವಂತಿಗೆ ಇರಬೇಕು.

ಉಳಿದವರಿಗೆ ಬೇಕಾದದ್ದು ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನದ ಕೆಲಸ, ಅಷ್ಟೇ. ಪ್ರೊಬೇಷನ್ ಮುಗಿದಿಲ್ಲ ಎನ್ನುವುದು ನೆಪ. ಕಾಂಟ್ರ್ಯಾಕ್ಟ್ ಮುಗಿಯಿತು, ಇನ್ನು ಹಣವಿಲ್ಲ ಎನ್ನುವಂತೆಯೂ ಇಲ್ಲ. ರಜೆಯ ನಡುವೆ ಗುತ್ತಿಗೆ ಮುಗಿದರೂ ಪೂರ್ತಿ ಹಣ ಕೊಡಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

'ಎರಡನೇ ಹೆರಿಗೆಗೆ ರಜೆ ಕಡಿಮೆ ಅಲ್ವಾ?' ಎಂದು ಬಹಳ ಜನ ಕೇಳುತ್ತಾರೆ. ಅಲ್ಲ. ಆಗಲೇ ಎರಡು ಮಕ್ಕಳು ಬದುಕಿದ್ದರೆ ಮಾತ್ರ ರಜೆ 12 ವಾರಕ್ಕೆ ಇಳಿಯುತ್ತದೆ. ಕಾನೂನು ಎಣಿಸುವುದು ಮಕ್ಕಳನ್ನು, ಹೆರಿಗೆಗಳನ್ನಲ್ಲ. ಗರ್ಭಪಾತವಾದರೆ ಆರು ವಾರದ ರಜೆ ಉಂಟು, ಅದಕ್ಕೂ ಸಂಬಳವಿದೆ. ನೋವಿನಲ್ಲಿ ಇದನ್ನು ಕೇಳಬೇಕು ಎಂದು ಯಾರಿಗೂ ಹೊಳೆಯುವುದಿಲ್ಲ. ಮನೆಯವರಾದರೂ ನೆನಪಿಟ್ಟುಕೊಳ್ಳಲಿ.

1961ರ ಹೆರಿಗೆ ಸೌಲಭ್ಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 26 ವಾರ, 80 ದಿನ ಬದಲಾಗಿಲ್ಲ. ಸರ್ಕಾರಿ ನೌಕರರಿಗೆ ಅವರದೇ ಸೇವಾ ನಿಯಮಗಳಿವೆ.

ರಜೆಗೆ ಹೋಗುವ ಮುಂಚೆ ನೋಟಿಸ್ ಕೊಡಿ, ಬರಹದಲ್ಲಿ. ಮರೆತರೆ ಹೆರಿಗೆಯಾದ ಮೇಲೂ ಕೊಡಬಹುದು, ಹಕ್ಕು ಹೋಗುವುದಿಲ್ಲ. ಆದರೂ ಬಾಯಿಮಾತಲ್ಲಿ ಹೇಳಿ ಬಂದವರ ಕೇಸು ನಡೆಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆ ಮೂರು ತಿಂಗಳ ಪೇಸ್ಲಿಪ್, ಹಾಜರಾತಿಯ ಪ್ರತಿ ಮೊದಲೇ ತೆಗೆದಿಟ್ಟುಕೊಳ್ಳಿ. ರಜೆಯಲ್ಲಿದ್ದಾಗ ಕಚೇರಿಯ ಲಾಗಿನ್ ಬಂದ್ ಆಗಿರುತ್ತದೆ. ಹೆರಿಗೆಗೆ ಮುಂಚಿನ ವಾರಗಳ ಹಣ ಮುಂಗಡವಾಗಿ ಬರಬೇಕು. ಉಳಿದದ್ದು, ಮಗು ಹುಟ್ಟಿದ ದಾಖಲೆ ಕೊಟ್ಟ 48 ಗಂಟೆಯೊಳಗೆ. ಹೌದು, ಗಂಟೆಯೇ. ಇದನ್ನು ಓದಿ ಹೇಳಿದಾಗ ಕಣ್ಣರಳಿಸದ ಎಚ್‌ಆರ್ ಅಧಿಕಾರಿಯನ್ನು ನಾನಿನ್ನೂ ನೋಡಿಲ್ಲ.