ಎಲ್ಲದಕ್ಕೂ ಸಹಿ ಕೇಳುವ ಮ್ಯಾನೇಜರ್ ಒಳ್ಳೆಯವರೇ?

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ (ಒಣಗಿಸಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ) ಘಟಕವೊಂದರಲ್ಲಿ ಮೇಲ್ವಿಚಾರಕನಾಗಿದ್ದೇನೆ. ಹೊಸ ಮ್ಯಾನೇಜರ್ ಬಂದ ಮೇಲೆ ಪ್ರತಿಯೊಂದಕ್ಕೂ ನಮೂನೆ, ರಿಜಿಸ್ಟರ್, ಸಹಿ. ಬಾಯಿಮಾತು ನಡೆಯುವುದಿಲ್ಲ. ಇಂಥ ನಾಯಕತ್ವದಿಂದ ಕೆಲಸ ಸುಧಾರಿಸುತ್ತದೆಯೇ, ಕೆಡುತ್ತದೆಯೇ?

ಉತ್ತರ: ನಿಮ್ಮ ಕೆಲಸದಲ್ಲಿ ಇದರಿಂದ ಲಾಭವೇ ಹೆಚ್ಚು ಎಂದು ನನ್ನ ಅಭಿಪ್ರಾಯ. ಆದರೆ ಮ್ಯಾನೇಜರ್ ರಜೆಯಲ್ಲಿರುವ ದಿನ ಘಟಕದಲ್ಲಿ ಏನಾಗುತ್ತದೆ ಎಂಬುದನ್ನು ನೋಡದೆ ಅವರಿಗೆ ಪೂರ್ತಿ ಅಂಕ ಕೊಡಲಾರೆ.

ದರ್ಪದ ಮ್ಯಾನೇಜರೇ ಬೇರೆ, ನಿಯಮದ ಮ್ಯಾನೇಜರೇ ಬೇರೆ. ದರ್ಪದವರು ಹೇಳಿದ್ದೇ ನಿಯಮ. ನಿಯಮದವರು ತಾವೂ ಅದಕ್ಕೆ ಕಟ್ಟುಬಿದ್ದವರು. ಗೇಟಿನ ರಿಜಿಸ್ಟರಿನಲ್ಲಿ ಅವರು ತಮ್ಮ ಹೆಸರನ್ನೂ ಬರೆಯುತ್ತಾರೆಯೇ, ಗಮನಿಸಿ. 1920ರಲ್ಲಿ ತೀರಿಕೊಂಡ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಈ ಪದ್ಧತಿಯ ಲಕ್ಷಣಗಳನ್ನು ಗುರುತಿಸಿದ್ದರು: ಗೊತ್ತುಪಡಿಸಿದ ಅಧಿಕಾರ ಶ್ರೇಣಿ, ಲಿಖಿತ ನಿಯಮ, ಕಡತ, ಅರ್ಹತೆ ನೋಡಿ ನೇಮಕ, ಮುಖ ನೋಡಿ ಮಣೆ ಹಾಕದಿರುವುದು.

ಈ ಕೊನೆಯದರ ಬೆಲೆ ನಮ್ಮ ಮಲೆನಾಡಿನವರಿಗೆ ಚೆನ್ನಾಗಿ ಗೊತ್ತು. ನೂರಾರು ಎಕರೆಯ ಸಾಹುಕಾರರ ಲಾರಿಯೂ ಎರಡು ಎಕರೆ ಬೆಳೆಗಾರನ ಪಿಕಪ್ಪೂ ಒಂದೇ ತಕ್ಕಡಿಯ ಮುಂದೆ ನಿಲ್ಲುತ್ತವೆ. ಸಾಹುಕಾರರ ಚೀಲಗಳನ್ನು ನಗುತ್ತಾ ಒಳಗೆ ಬಿಟ್ಟು, ಸಣ್ಣ ಬೆಳೆಗಾರನ ಚೀಲಕ್ಕೆ ಮಾತ್ರ ತೇವಾಂಶ ಮಾಪಕ ಹಿಡಿದರೆ ಅವನು ಯಾರಲ್ಲಿ ಕೇಳಬೇಕು? ಅರೇಬಿಕಾ ಪಾರ್ಚ್‌ಮೆಂಟಿನಲ್ಲಿ (ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಇನ್ನೂ ಇರುವ ಬೀಜದಲ್ಲಿ) ತೇವಾಂಶ ಶೇ. 10ರ ಆಸುಪಾಸಿನಲ್ಲಿರಬೇಕು. ಹೆಚ್ಚಾದರೆ ಗೋದಾಮಿನಲ್ಲಿ ಬೀಜ ಬಣ್ಣಗೆಡುತ್ತದೆ, ಬೂಷ್ಟು ಹಿಡಿಯುತ್ತದೆ. ಪ್ರತಿ ಲಾಟಿನ ಮಾದರಿ ತೆಗೆದು, ಮಾಪಕ ತೋರಿಸಿದ ಅಂಕಿಯನ್ನು ಬೆಳೆಗಾರನ ಎದುರಿಗೇ ಬರೆದು, ಇಬ್ಬರೂ ಸಹಿ ಹಾಕಿದರೆ, ಮುಂದೆ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ) ಕಡಿಮೆ ಬಂತೆಂಬ ತಕರಾರು ಎದ್ದಾಗ ನೋಡಲು ಕಾಗದವೊಂದಿರುತ್ತದೆ. ಆ ಕಾಗದ ನಿಮ್ಮನ್ನೂ ಕಾಯುತ್ತದೆ. ಸಾಹುಕಾರರಿಗೆ ‘ಆಗುವುದಿಲ್ಲ’ ಎಂದವರು ನೀವಲ್ಲ, ನಿಯಮ.

ಇನ್ನು ಕಾಟದ ಮಾತು. ಜನವರಿಯಲ್ಲಿ ಅಕಾಲಿಕ ಮಳೆ. ಸಂಜೆ ಆರಕ್ಕೆ ಪಾರ್ಚ್‌ಮೆಂಟ್ ತುಂಬಿದ ವಾಹನ ಗೇಟಿಗೆ ಬಂದಿದೆ, ಟಾರ್ಪಾಲಿನ ಒಂದು ಮೂಲೆ ಹರಿದಿದೆ, ಒಳಗೆ ಬಿಡಲು ಸಹಿ ಹಾಕಬೇಕಾದವರು ಮನೆಗೆ ಹೋಗಿದ್ದಾರೆ. ಕಾವಲುಗಾರ ನಿಯಮ ಪಾಲಿಸುತ್ತಾನೆ, ಕಾಫಿ ನೆನೆಯುತ್ತದೆ. ತೇವ ತಗಲದಿರಲೆಂದು ಮಾಡಿದ ವ್ಯವಸ್ಥೆಯೇ ತೇವ ತಗಲಿಸಿತು! ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಬೆಳೆಗಾರ ಗೊಣಗಿದರೆ ತಪ್ಪೇನಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1940ರಲ್ಲಿಯೇ ಈ ರೋಗದ ಬಗ್ಗೆ ಬರೆದಿದ್ದರು: ಗುರಿ ಮುಟ್ಟಲೆಂದು ಮಾಡಿದ ನಿಯಮವೇ ಕಾಲಕ್ರಮೇಣ ಗುರಿಯಾಗಿಬಿಡುತ್ತದೆ. ಹೊಸ ಹುಡುಗರು ಸಲಹೆ ಕೊಡುವುದನ್ನು ಬಿಡುವುದೂ ಇಂಥಲ್ಲಿಯೇ. ಮೂರು ಮೇಜು ದಾಟಿ ಬರುವಷ್ಟರಲ್ಲಿ ಸಲಹೆಯ ಹಂಗಾಮೇ ಮುಗಿದಿರುತ್ತದೆ.

ಇದಕ್ಕೆ ಮದ್ದು ನಿಯಮವನ್ನು ಕಿತ್ತೊಗೆಯುವುದಲ್ಲ, ತಡಕ್ಕೂ ಒಂದು ನಿಯಮ ಮಾಡುವುದು. ಸರ್ಕಾರಿ ಕಚೇರಿಗಳಿಗೆ ನಮ್ಮ ರಾಜ್ಯ ಮಾಡಿದ್ದೂ ಅದನ್ನೇ. 2011ರ ಸೇವಾ ಖಾತರಿ ಕಾಯ್ದೆಯಡಿ, 2012ರಲ್ಲಿ ‘ಸಕಾಲ’ ಎಂಬ ಹೆಸರಿನಲ್ಲಿ, ಯಾವ ಅರ್ಜಿ ಎಷ್ಟು ದಿನದಲ್ಲಿ ವಿಲೇವಾರಿಯಾಗಬೇಕೆಂದು ಗೊತ್ತುಮಾಡಲಾಯಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಐನೂರಕ್ಕೆ ಯಾವ ಅಧಿಕಾರಿಯೂ ಬಡವಾಗುವುದಿಲ್ಲ, ನಿಜ. ಆದರೆ ಕಡತ ಯಾರ ಮೇಜಿನಲ್ಲಿ ಕುಳಿತಿತ್ತು ಎಂಬುದು ದಾಖಲಾಗುತ್ತದೆ, ಅದಕ್ಕೇ ಹೆದರಿಕೆ.

ನೀವು ಮ್ಯಾನೇಜರ್ ಬಳಿ ಎರಡು ಸಂಗತಿ ಕೇಳಿ. ಅವರಿಲ್ಲದಾಗ ಸಹಿ ಹಾಕುವವರು ಯಾರು? ಮಳೆ, ಯಂತ್ರ ಕೆಡುವುದು, ಅಪಘಾತ ಇಂಥ ಹೊತ್ತಿನಲ್ಲಿ ಮೇಲ್ವಿಚಾರಕ ಮೊದಲು ಮಾಲು ಒಳಗಿಳಿಸಿ, ತಾತ್ಕಾಲಿಕ ರಶೀದಿ ಕೊಟ್ಟು, ಮರುದಿನ ಕಾರಣ ಬರೆದಿಡಬಹುದೇ? ಹೋಗಿ ಬಾಯಲ್ಲಿ ಹೇಳಬೇಡಿ, ಅವರಿಗೆ ಅದು ಸೇರುವುದಿಲ್ಲ. ಅರ್ಧ ಪುಟದಲ್ಲಿ ಬರೆದು, ದಿನಾಂಕ ಹಾಕಿ, ಆವಕ ಪುಸ್ತಕದಲ್ಲಿ ನಮೂದಿಸಿ, ಒಂದು ಪ್ರತಿ ನಿಮ್ಮಲ್ಲಿಟ್ಟುಕೊಳ್ಳಿ.