ಕಾಗದದ ಜಗಳವೆಲ್ಲ ನೀರಿನ ಜೊತೆ

ಒಂದು ಹಾಳೆಯ ಎರಡೂ ತುದಿ ಹಿಡಿದು ನೇರವಾಗಿ ಎಳೆಯಿರಿ. ಸುಲಭಕ್ಕೆ ಹರಿಯುವುದಿಲ್ಲ. ಈಗ ನಡುವೆ ಅಡ್ಡಲಾಗಿ ನೀರು ಸವರಿ, ನೆನೆದ ಮೇಲೆ ಎಳೆಯಿರಿ. ಸದ್ದೇ ಇಲ್ಲದೆ ಎರಡಾಗುತ್ತದೆ. ನಮ್ಮ ಲ್ಯಾಬಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಮಾಡಿಸುವುದು ಇದನ್ನೇ. ಯಂತ್ರ ಬೇಡ, ಕೈ ಸಾಕು.

ಕಾಗದದ ನಾರುಗಳನ್ನು ಹಿಡಿದಿರುವುದು ಮುಖ್ಯವಾಗಿ ಅಂಟಲ್ಲ, ಹೈಡ್ರೋಜನ್ ಬಂಧ, ಅಂದರೆ ಅಣುಗಳ ನಡುವಿನ ಒಂದು ಬಗೆಯ ಸೆಳೆತ. ನೀರು ಆರುತ್ತಾ ಹೋದಂತೆ ನಾರುಗಳು ಹತ್ತಿರ ಬಂದು ಒಂದನ್ನೊಂದು ಹಿಡಿಯುತ್ತವೆ. ನೀರು ವಾಪಸ್ ಬಂದರೆ ಆ ಹಿಡಿತ ಬಿಟ್ಟುಹೋಗುತ್ತದೆ. ಈ ನಾರುಗಳ ಮುಖ್ಯ ಪದಾರ್ಥವಾದ ಸೆಲ್ಯುಲೋಸ್‌ನಿಂದ ಏನೇ ಹೊಸ ವಸ್ತು ಮಾಡಹೊರಟರೂ ಕೊನೆಗೆ ನೀರಿನ ಹತ್ತಿರವೇ ಸಿಕ್ಕಿಹಾಕಿಕೊಳ್ಳುತ್ತೇವೆ.

ಮರದ ಒಂದು ನಾರು 1ರಿಂದ 3 ಮಿ.ಮೀ. ಉದ್ದ. ಅದರೊಳಗೆ ಇನ್ನೂ ಸಣ್ಣ ಎಳೆಗಳ ಕಂತೆ ಇರುತ್ತದೆ. ಟೆಂಪೋ ಎಂಬ ರಾಸಾಯನಿಕದ ನೆರವಿನಿಂದ ಆ ಎಳೆಗಳ ಮೇಲೆ ಋಣ ವಿದ್ಯುದಂಶ ಕೂರಿಸಿದರೆ ಅವು ಒಂದನ್ನೊಂದು ದೂರ ತಳ್ಳುತ್ತವೆ. ಆಮೇಲೆ ಸ್ವಲ್ಪ ಕಲಕಿದರೂ 3-4 ನ್ಯಾನೋಮೀಟರ್ ದಪ್ಪದ ಎಳೆಗಳಾಗಿ ಬಿಡಿಸಿಕೊಳ್ಳುತ್ತವೆ. ಅವನ್ನು ಒತ್ತಾಗಿ ಒಣಗಿಸಿದರೆ ಗಾಜಿನ ಹಾಗೆ ಪಾರದರ್ಶಕವಾದ ಹಾಳೆ ಸಿಗುತ್ತದೆ. ಮಾಮೂಲಿ ಕಾಗದ ಬೆಳ್ಳಗಿರುವುದು ನಾರುಗಳ ನಡುವಿನ ಗಾಳಿಯಲ್ಲಿ ಬೆಳಕು ಚದುರುವುದರಿಂದ, ಅಷ್ಟೇ. ಎಣ್ಣೆ ಬಿದ್ದ ಜಾಗ ಪಾರದರ್ಶಕವಾಗೋದು ನೋಡಿದ್ದೀರಲ್ವಾ? ಅಲ್ಲಿ ಗಾಳಿಯ ಜಾಗವನ್ನು ಎಣ್ಣೆ ತುಂಬಿರುತ್ತದೆ.

ತೊಂದರೆ ಒಣಗಿಸುವುದರಲ್ಲಿದೆ. ಈ ಎಳೆಗಳು ನೂರಕ್ಕೆ ಎರಡು ಪಾಲಿದ್ದರೂ ಸಾಕು, ನೀರು ಗಟ್ಟಿ ಲೋಳೆಯಾಗುತ್ತದೆ. 1 ಕೆ.ಜಿ. ಎಳೆ ಬೇಕೆಂದರೆ 49 ಕೆ.ಜಿ. ನೀರು ತೆಗೆಯಬೇಕು. ಅದಕ್ಕೆ ಸುರಿಯುವ ಶಕ್ತಿಯನ್ನು ಲೆಕ್ಕಕ್ಕೇ ಹಿಡಿಯದೆ 'ಹಸಿರು ವಸ್ತು' ಎಂದು ಬರೆಯುವವರು ಜಾಸ್ತಿ. ಶುರುವಿನಲ್ಲಿ ನಾನೂ ಅವಸರಪಟ್ಟು ಓವನ್‌ಗೆ ಇಟ್ಟಿದ್ದೆ. ಬೆಳಗ್ಗೆ ನೋಡಿದರೆ ಹಾಳೆ ತರಗೆಲೆಯ ಹಾಗೆ ಸುರುಳಿ ಸುತ್ತಿಕೊಂಡಿತ್ತು, ಅಂಚಿನುದ್ದಕ್ಕೂ ಬಿರುಕು. ಈಗ ಮೊದಲು ಸೋಸಿ, ಬ್ಲಾಟಿಂಗ್ ಹಾಳೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ನಿಧಾನಕ್ಕೆ ಒಣಗಿಸುತ್ತೇನೆ.

ಒಣಗಿದ ಹಾಳೆ ಆಮ್ಲಜನಕವನ್ನು ಎಷ್ಟೋ ಪ್ಲಾಸ್ಟಿಕ್‌ಗಳಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ತೇವ ಏರಿದರೆ ಎಳೆಗಳ ನಡುವೆ ನೀರು ಸೇರಿ ದಾರಿ ಬಿಡುತ್ತದೆ. ಅದನ್ನು ತಡೆಯಲು ಮೇಲೊಂದು ಪ್ಲಾಸ್ಟಿಕ್ ಪದರ ಹಚ್ಚುವುದು ಸುಲಭ. ಪೇಪರ್ ಕಪ್‌ನ ಒಳಗಿರುವುದೂ ಅದೇ, ಪಾಲಿಥಿನ್. ಅದರಿಂದಲೇ ಕಪ್ ಮರುಬಳಕೆ ಕಷ್ಟ. ನನ್ನ ಮಟ್ಟಿಗೆ ಅದು ಪರಿಹಾರವಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ನೀರನ್ನು ಕೆಲಸಕ್ಕೆ ಹಚ್ಚುವ ದಾರಿ. 2007ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ ಕಾಗದದಲ್ಲೇ ದ್ರವ ಹರಿಯುವ ಸಣ್ಣ ಕಾಲುವೆ ಮಾಡಿ, ಗ್ಲೂಕೋಸ್ ಮತ್ತು ಪ್ರೋಟೀನ್ ಪತ್ತೆ ಹಚ್ಚಿ ತೋರಿಸಿತು. ಪಂಪ್ ಬೇಡ, ದ್ರವವನ್ನು ನಾರೇ ಎಳೆದುಕೊಳ್ಳುತ್ತದೆ. ಅವರು ಕಾಲುವೆಗೆ ಗೋಡೆ ಕಟ್ಟಿದ್ದು ಬೆಳಕಿಗೆ ಗಟ್ಟಿಯಾಗುವ ರಾಳದಿಂದ. ನಾವು ಮೇಣದ ಗೆರೆ ಎಳೆದು ಬಿಸಿ ಮಾಡುತ್ತೇವೆ. ಮೇಣ ಕೆಳಗೂ ಇಳಿಯುತ್ತದೆ, ಪಕ್ಕಕ್ಕೂ ಹರಡುತ್ತದೆ. ಗೆರೆ ದಪ್ಪವಾದರೆ ಕಾಲುವೆ ಮುಚ್ಚಿಹೋಯಿತು. ಸಣ್ಣದಾದರೆ ಮೇಣ ತಳ ಮುಟ್ಟುವುದಿಲ್ಲ, ನೀರು ಅಡಿಯಿಂದ ನುಸುಳಿಬಿಡುತ್ತದೆ.