ಮೊಕ್ಕಾಂ ಬದಲಿಸುವ ಮುಂಚೆ

ಏಪ್ರಿಲ್ ಬಂತೆಂದರೆ ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಯಾರಾದರೂ ಒಬ್ಬರು ನಿಂತು ಅಳುತ್ತಿರುತ್ತಾರೆ, ಇಲ್ಲವೇ ಯಾರನ್ನೋ ಕೊಲ್ಲುತ್ತಿರುತ್ತಾರೆ. ಹಾಲು ಹಾಕುವವನಿಗೆ ಇದು ರೂಢಿಯಾಗಿದೆ, ತಲೆ ಎತ್ತಿ ಸಹ ನೋಡುವುದಿಲ್ಲ. ಇವರೆಲ್ಲ ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟ ರಂಗಭೂಮಿ ವಿದ್ಯಾರ್ಥಿಗಳು. ಆಡಿಷನ್‌ಗೆ ಒಂದು ಸ್ವಗತ ಬಾಯಿಪಾಠ ಮಾಡಿಕೊಂಡು ಬಂದು "ಸರ್, ಒಮ್ಮೆ ಕೇಳ್ರಿ" ಅನ್ನುತ್ತಾರೆ. ಕೇಳುತ್ತೇನೆ. ಮುಗಿದ ಮೇಲೆ ನನ್ನ ಮೊದಲ ಪ್ರಶ್ನೆ ನಟನೆಯದ್ದಲ್ಲ.

"ತಮ್ಮಾ, ಮೈಗ್ರೇಷನ್ ತಗೊಂಡಿಯೇನು?"

"ಟಿಸಿ ಐತ್ರಿ ಸರ್."

"ಅದಲ್ಲೋ ಮಾರಾಯಾ."

ಅಲ್ಲಿಗೆ ಹುಡುಗನ ಮುಖ ಇಳಿಯುತ್ತದೆ.

ಆಡಿಷನ್‌ನಲ್ಲಿ ಸೋತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಮರುವರ್ಷ ಮತ್ತೆ ಹೋಗಿ ಗೆದ್ದು ಬಂದಿದ್ದಾರೆ. ನನಗೆ ಹೊಟ್ಟೆ ಉರಿಯುವುದು ಆಡಿಷನ್ ಗೆದ್ದವರ ಬಗ್ಗೆ. ಅಷ್ಟು ಚೆನ್ನಾಗಿ ಆಡಿ, ಇಲ್ಲಿ ಎರಡು ವರ್ಷ ಮಾಡಿದ ಕೆಲಸವನ್ನು ಕಾಗದದಲ್ಲಿ ತೋರಿಸಲಾಗದೆ ಮತ್ತೆ ಮೊದಲ ವರ್ಷಕ್ಕೇ ಕೂತವರಿದ್ದಾರೆ.

ನಮ್ಮ ಕಡೆ ನಾಟಕ ಕಂಪನಿಗಳ ಕಥೆ ಕೇಳಿ ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ. ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇತ್ತು, ಆಮೇಲೆ ವೀರೇಶ್ವರ ಪುಣ್ಯಾಶ್ರಮದ ಕಂಪನಿ ಇತ್ತು. ಒಂದೂರಿನ ಮೊಕ್ಕಾಂ ಮುಗಿಸಿ ಇನ್ನೊಂದೂರಿಗೆ ಹೊರಡುವಾಗ ಪರದೆ, ಪೇಟಿ, ಟ್ರಂಕು ಎಲ್ಲವನ್ನೂ ಎಣಿಸಿ ಏರಿಸಬೇಕು. ರಾಜಪಾರ್ಟಿನವನು, ಅಂದರೆ ಮುಖ್ಯ ಪಾತ್ರದವನು, ಎಷ್ಟೇ ಚೆನ್ನಾಗಿ ಹಾಡಲಿ, ಪರದೆಯ ಹಗ್ಗ ಹಿಂದಿನೂರಲ್ಲೇ ಉಳಿದರೆ ಮೊದಲ ಆಟ ಕೆಟ್ಟಿತು. ನಮ್ಮ ಹುಡುಗರು ರಾಜಪಾರ್ಟನ್ನು ತಯಾರು ಮಾಡುತ್ತಾರೆ, ಹಗ್ಗ ಮರೆಯುತ್ತಾರೆ.

ಟಿಸಿ ಕೊಡುವುದು ಕಾಲೇಜು. ಮೈಗ್ರೇಷನ್ ಕೊಡುವುದು ವಿಶ್ವವಿದ್ಯಾಲಯ. ಕಾಲೇಜು ಬಿಟ್ಟಿದ್ದಕ್ಕೆ ಒಂದು, ವಿಶ್ವವಿದ್ಯಾಲಯವನ್ನೇ ಬಿಟ್ಟಿದ್ದಕ್ಕೆ ಇನ್ನೊಂದು. ಹೊಸ ಜಾಗದವರು ಸಾಮಾನ್ಯವಾಗಿ ಮೈಗ್ರೇಷನ್‌ನ ಮೂಲಪ್ರತಿಯನ್ನೇ ಕೇಳುತ್ತಾರೆ. ಕೈಯಲ್ಲಿ ಇಲ್ಲದಿದ್ದರೆ ಮುಚ್ಚಳಿಕೆ ಬರೆಸಿಕೊಂಡು ಒಂದು ತಾರೀಖು ಕೊಡುವುದೂ ಉಂಟು. ನಾನು ಓದಲು ಹೊರರಾಜ್ಯಕ್ಕೆ ಹೋದಾಗ ಹಾಗೇ ಬರೆದುಕೊಟ್ಟಿದ್ದೆ. ತಾರೀಖು ದಾಟಿತು, ಕಾಗದ ಬರಲಿಲ್ಲ, ಎರಡು ತಿಂಗಳು ಹಾಜರಿ ಪುಸ್ತಕದಲ್ಲಿ ನನ್ನ ಹೆಸರೇ ಇರಲಿಲ್ಲ. ಕಾರಣ ಏನಿರಬಹುದು ಹೇಳಿ. ಹಳೆಯ ಕಾಲೇಜಿನ ಕಾಸ್ಟ್ಯೂಮ್ ರೂಮಿನ ಲೆಕ್ಕದಲ್ಲಿ ಒಂದು ಮರದ ಕತ್ತಿ ನನ್ನ ಹೆಸರಿಗೆ ಬಾಕಿ ಇತ್ತು! ಬಾಕಿ ಏನೂ ಇಲ್ಲ ಎನ್ನುವ ನೋ ಡ್ಯೂಸ್ ಕಾಗದಕ್ಕೆ ಸಹಿ ಬೀಳದೆ ಉಳಿದಿದ್ದೆಲ್ಲ ನಿಂತಿತ್ತು. ಆ ಕತ್ತಿ ನಮ್ಮ ಅಟ್ಟದ ಮೇಲೆ, ಅವ್ವನ ಹಪ್ಪಳದ ಡಬ್ಬಿ ಹಿಂದೆ ಸಿಕ್ಕಿತು. ತಪ್ಪು ನನ್ನದೇ, ಬಯ್ದಿದ್ದು ಮಾತ್ರ ಆಫೀಸಿನವರನ್ನು.

ಡಿಗ್ರಿ ಮುಗಿಸಿ ಎಂಎ ಅಥವಾ ಎಂಪಿಎಗೆ (ಪ್ರದರ್ಶನ ಕಲೆಗಳ ಸ್ನಾತಕೋತ್ತರ ಪದವಿಗೆ) ಹೋಗುವವರಿಗೆ ಇಷ್ಟು ಸಾಕಾಗಬಹುದು. ಡಿಗ್ರಿ ನಡುವೆಯೇ ಹೋಗುವವರ ಗಂಟು ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ತಂದಿತು. ಪಾಸಾದ ವಿಷಯಗಳ ಕ್ರೆಡಿಟ್, ಅಂದರೆ ಓದಿದ ಗಂಟೆಗಳ ಲೆಕ್ಕ, ಅಲ್ಲಿ ಜಮೆ ಆಗುತ್ತದೆ, ಹೆಚ್ಚೆಂದರೆ 7 ವರ್ಷ ಉಳಿಯುತ್ತದೆ. "ಬ್ಯಾಂಕಿನ್ಯಾಗ ಐತಿ ಅಂದ ಮ್ಯಾಲ ಮುಗೀತಲ್ರಿ" ಎಂದು ಒಬ್ಬ ತಂದೆ ನನ್ನ ಮುಂದೆ ನಿರಾಳವಾಗಿ ಕಾಲು ಚಾಚಿದ್ದರು. ಮುಗಿಯುವುದಿಲ್ಲ ಯಜಮಾನ್ರೇ. ಕ್ರೆಡಿಟ್ ಎಷ್ಟಿದೆ ಎಂದು ಬ್ಯಾಂಕು ಹೇಳುತ್ತದೆ. ನೀವು ಇಲ್ಲಿ ಓದಿದ ರಂಗಸಜ್ಜಿಕೆ ಪತ್ರಿಕೆ ಅಲ್ಲಿನ ವಿನ್ಯಾಸ ಪತ್ರಿಕೆಗೆ ಸಮವೋ ಅಲ್ಲವೋ ಎನ್ನುವುದನ್ನು ನೋಡುವುದು ಅಲ್ಲಿನ ವಿಭಾಗ, ಅದೂ ಎರಡೂ ಸಿಲಬಸ್ ಅಕ್ಕಪಕ್ಕ ಇಟ್ಟುಕೊಂಡು. ಹಾಗಾಗಿ ಸಿಲಬಸ್ ಪ್ರತಿ ಒಯ್ಯಿರಿ. ಬರೀ ವಿಷಯದ ಹೆಸರು ಸಾಲದು. ಘಟಕಗಳು, ಗಂಟೆಗಳು, ಪ್ರಾಂಶುಪಾಲರ ಸಹಿ, ಸೀಲು ಎಲ್ಲ ಬೇಕು.

ಇಲ್ಲಿ ಸೀನಿಯರ್‌ಗಳ ಮಾತು ಪೂರ್ತಿ ನಂಬಬೇಡಿ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂತು, 2024-25ರಿಂದ ಮತ್ತೆ ಹಳೆಯ ಮೂರು ವರ್ಷದ ಡಿಗ್ರಿಗೆ ಹೋದೆವು. ಒಂದೇ ಕಾಲೇಜಿನ, ಒಂದೇ ಬೆಂಚಿನ ಅಣ್ಣ ತಮ್ಮನ ಕ್ರೆಡಿಟ್ ಲೆಕ್ಕ ಬೇರೆ ಬೇರೆ ಇರುತ್ತದೆ. ಅಣ್ಣನಿಗೆ ಆದದ್ದು ತಮ್ಮನಿಗೆ ಆಗಬೇಕೆಂದೇನೂ ಇಲ್ಲ.

ಈಗ ನನ್ನ ಇಷ್ಟದ ವಿಷಯ, ತಾಲೀಮಿನ ದಿನಚರಿ. ಯುಜಿಸಿ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ ಪಾಠವಾದರೆ 15 ಗಂಟೆ, ಪ್ರಾಯೋಗಿಕವಾದರೆ 30 ಗಂಟೆ. ನಾಲ್ಕು ಕ್ರೆಡಿಟ್‌ನ ಪ್ರಾಯೋಗಿಕ ಪತ್ರಿಕೆಗೆ 120 ಗಂಟೆ ಆಯಿತು. ಒಂದು ನಾಟಕ ನಿಲ್ಲಿಸಲು ನಾವು ದಿನಾ ಸಂಜೆ ಮೂರು ಗಂಟೆಯಂತೆ ಎರಡು ತಿಂಗಳು ಬೆವರು ಹರಿಸುತ್ತೇವೆ, ಅದು ಇದಕ್ಕಿಂತ ಜಾಸ್ತಿಯೇ ಆಗುತ್ತದೆ. ಆದರೆ ಅಂಕಪಟ್ಟಿಯಲ್ಲಿ ಇರುವುದು ಏನು? "ಪ್ರಾಯೋಗಿಕ" ಎಂಬ ಒಂದು ಶಬ್ದ ಮತ್ತು ಒಂದು ಅಂಕಿ. ನೀವು ಆ ಎರಡು ತಿಂಗಳು ಪಾರ್ಟು ಮಾಡಿದಿರೋ, ಲೈಟ್ ನೋಡಿಕೊಂಡಿರೋ, ಸೈಡ್ ವಿಂಗಿನಲ್ಲಿ ನಿಂತು ಮಾತು ಎತ್ತಿಕೊಟ್ಟಿರೋ ಅದರಿಂದ ಯಾರಿಗೆ ಗೊತ್ತಾಗಬೇಕು? ಒಂದು ಉದ್ದ ನೋಟ್‌ಬುಕ್ ತಗೊಳ್ಳಿ. ದಿನ, ಗಂಟೆ, ಜಾಗ, ಮಾಡಿದ ಕೆಲಸ ಬರೆಯಿರಿ, ವಾರಕ್ಕೊಮ್ಮೆ ನಿರ್ದೇಶಕರ ಸಹಿ ಹಾಕಿಸಿ. ಜೊತೆಗೆ ಹ್ಯಾಂಡ್‌ಬಿಲ್, ಕ್ಯೂ ಶೀಟು (ಯಾವ ಮಾತಿಗೆ ಯಾವ ಲೈಟು ಎನ್ನುವ ಪಟ್ಟಿ), ರಂಗದ ಸಾಮಾನಿನ ಪ್ರಾಪರ್ಟಿ ಪಟ್ಟಿ ಅಂಟಿಸಿ. ಮೇಕಪ್ ಹಾಕಿಕೊಂಡ ಚಂದದ ಫೋಟೊ ಎಲ್ಲರ ಹತ್ತಿರವೂ ಇರುತ್ತದೆ. ಮೂರು ಸಲ ಕಾಟು ಹೊಡೆದು ತಿದ್ದಿದ ಲೈಟ್ ಕ್ಯೂ ಶೀಟನ್ನು ಆಯ್ಕೆಗೆ ಕೂತ ಮೇಷ್ಟ್ರುಗಳು ತಿರುತಿರುಗಿ ನೋಡುತ್ತಾರೆ. ನಾನೂ ಆ ಕುರ್ಚಿಯಲ್ಲಿ ಕೂತಿದ್ದೇನೆ, ಅದಕ್ಕೇ ಹೇಳುತ್ತಿರುವುದು.

ಹಾನಗಲ್ಲ ಕಡೆಯ ಹುಡುಗನೊಬ್ಬ ನನ್ನ ಹತ್ತಿರ ತನ್ನ ಫೈಲು ತಂದಿದ್ದ. ಕಾಲೇಜಿನ ಮೂರು ನಾಟಕ ಇದ್ದವು, ಸರಿ. ಮಾತಿನ ನಡುವೆ ಅವನ ಅಜ್ಜ ದೊಡ್ಡಾಟದ ಮಾಸ್ತರು ಎಂದು ಗೊತ್ತಾಯಿತು. ಇವನೂ ಹತ್ತನೇ ವಯಸ್ಸಿನಿಂದ ಸಾರಥಿ ಪಾತ್ರ ಮಾಡುತ್ತಾ ಬಂದಿದ್ದನಂತೆ. ಪಾತ್ರಗಳು ರಂಗಕ್ಕೆ ಬಂದ ಕೂಡಲೇ ಯಾರು ನೀವು, ಏನು ಕಥೆ ಎಂದು ಮಾತಾಡಿಸುವವನೇ ಸಾರಥಿ. ಬೆಳಗಿನವರೆಗೆ ಕಣ್ಣು ಮುಚ್ಚದೆ ಆಟವನ್ನು ಹಿಡಿದುಕೊಂಡಿರಬೇಕು. ಇದನ್ನು ಯಾಕೆ ಬರೆದಿಲ್ಲ ಅಂದೆ. "ಅದು ಹಳ್ಳಿ ಆಟ ಅಲ್ರಿ ಸರ್?" ನನಗೆ ಸಿಟ್ಟು ಬಂತು. ಇಡೀ ಫೈಲಿನಲ್ಲಿ ಬೇರೆಯವರ ಹತ್ತಿರ ಇರಲಾರದ ಪುಟ ಅದೊಂದೇ, ಅದನ್ನೇ ಬಿಟ್ಟಿದ್ದ. ಬರೆಸಿದೆ. ಸಂದರ್ಶನದಲ್ಲಿ ಅವನನ್ನು ಕಾಲೇಜಿನ ನಾಟಕಗಳ ಬಗ್ಗೆ ಯಾರೂ ಕೇಳಲಿಲ್ಲವಂತೆ, ಇಪ್ಪತ್ತು ನಿಮಿಷವೂ ದೊಡ್ಡಾಟದ್ದೇ ಮಾತು.

ನಾಲಿಗೆಯ ಮಾತಿಗೆ ಬರುತ್ತೇನೆ. ಬೆಂಗಳೂರು, ಮೈಸೂರಿಗೆ ಹೊರಟವರು ನಮ್ಮ ಮಾತನ್ನು ತೊಳೆದುಕೊಂಡು ಹೋಗಲು ನೋಡುತ್ತಾರೆ. ಯೂಟ್ಯೂಬ್ ನೋಡಿ ಕಲಿತ ಒಂದು ಥರದ ಸಪ್ಪೆ ಕನ್ನಡ ಬಾಯಿಗೆ ಬಂದಿರುತ್ತದೆ, ಸಿಟ್ಟು ಬರಬೇಕಾದ ಜಾಗದಲ್ಲಿ ಟಿವಿ ಸುದ್ದಿ ಓದಿದ ಹಾಗೆ ಕೇಳುತ್ತದೆ. ಬೇಡ. ಆದರೆ ಅದೇ ಮಾತಿನಲ್ಲಿ ಸಿಕ್ಕಿಕೊಂಡೂ ಇರಬೇಡಿ. ನಾವು ಮನೆಯನ್ನು ಮನಿ ಅನ್ನುತ್ತೇವೆ, ಬೇಡವನ್ನು ಬ್ಯಾಡ ಅನ್ನುತ್ತೇವೆ, ಒತ್ತಿ ಹೇಳಬೇಕಾದಾಗ ಶಬ್ದದ ಬಾಲ ಎಳೆಯುತ್ತೇವೆ. ಇದು ಬಾಯಿಗೆ ತಾನಾಗಿ ಬಂದರೆ ರೂಢಿ, ಬೇಕೆಂದಾಗ ತಂದು ಬೇಡವೆಂದಾಗ ಬಿಟ್ಟರೆ ಕಸುಬು. ನಾನು ಮಾಡಿಸುವ ಅಭ್ಯಾಸ ಸುಲಭದ್ದು. ಒಂದೇ ಹತ್ತು ಸಾಲನ್ನು ಮೂರು ಸಲ ಫೋನಿನಲ್ಲಿ ರೆಕಾರ್ಡ್ ಮಾಡಿ. ಮೊದಲು ಅವ್ವನ ಹತ್ತಿರ ಮಾತಾಡಿದಂತೆ, ಆಮೇಲೆ ಪುಸ್ತಕದ ಕನ್ನಡದಲ್ಲಿ, ಕೊನೆಗೆ ಮೈಕಿಲ್ಲದೆ ಹಿಂದಿನ ಸಾಲಿಗೆ ಮುಟ್ಟಿಸುತ್ತಿದ್ದ ಕಂಪನಿ ನಟರ ದನಿಯಲ್ಲಿ. ಮಾರನೇ ದಿನ ಕೇಳಿ. ಉಸಿರು ಎಲ್ಲಿ ಕಡಿಮೆ ಬಿತ್ತು ಎಂದು ನಿಮಗೇ ತಿಳಿಯುತ್ತದೆ.

ಹೊರರಾಜ್ಯಕ್ಕೆ ಹೋಗುವವರಿಗೆ ಇನ್ನೊಂದು ಪರೀಕ್ಷೆ ಇದೆ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ನನ್ನ ಗೆಳೆಯನಿದ್ದಾನೆ, ಅವನ ಪಕ್ಕದ ಮನೆಯವರು ತೆಲುಗಿನವರು, ಕನ್ನಡ ಅಷ್ಟಕ್ಕಷ್ಟೇ. ನನ್ನ ವಿದ್ಯಾರ್ಥಿಗಳು ಅವರ ಮುಂದೆ ಕನ್ನಡ ಸ್ವಗತ ಆಡಬೇಕು. ಮುಗಿದ ಮೇಲೆ "ಇವನಿಗೆ ಏನು ಬೇಕಾಗಿತ್ತು?" ಎಂದು ಆ ಅಮ್ಮನನ್ನು ಕೇಳುತ್ತೇವೆ. ಒಮ್ಮೆ ಒಬ್ಬನ ಭಾರೀ ದುಃಖದ ಸ್ವಗತ ನೋಡಿ ಅವರು "ಪಾಪ, ಹಸಿವಾಗಿದೆಯಾ?" ಎಂದು ಎದ್ದು ಒಳಗೆ ಹೋಗಿ ಉಪ್ಪಿಟ್ಟು ತಂದರು. ಅವನು ಅದನ್ನು ತಿಂದು, ಬೇರೆ ಸ್ವಗತ ಆರಿಸಿಕೊಂಡ. ನೀವೂ ಸ್ವಗತ ಆರಿಸಲು ಧಾರವಾಡದ ಸುಭಾಸ ರೋಡಿನ ಪುಸ್ತಕ ಪ್ರಕಾಶನ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ, ಇಡೀ ನಾಟಕ ಕೊಂಡು ಓದಿ. ಸ್ವಗತದ ಎರಡು ಪುಟ ಮಾತ್ರ ಓದಿದವರು ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಎಲ್ಲಿಗೆ ಹೋಗಬೇಕು ಎಂಬುದು ನಿಮ್ಮಿಷ್ಟ. ಒಂದು ಗೊಂದಲ ಮಾತ್ರ ಬಿಡಿಸುತ್ತೇನೆ. ಹೆಗ್ಗೋಡಿನ ನೀನಾಸಂ ಒಂದು ವರ್ಷದ ಡಿಪ್ಲೊಮಾ, ದೆಹಲಿಯ ಎನ್‌ಎಸ್‌ಡಿ (ರಾಷ್ಟ್ರೀಯ ನಾಟಕ ಶಾಲೆ) ಡಿಗ್ರಿ ಆದ ಮೇಲಿನ ಮೂರು ವರ್ಷದ ಕೋರ್ಸು. ಅವು ವರ್ಗಾವಣೆಯಲ್ಲ, ಹೊಸ ಪ್ರವೇಶ. ಹೈದರಾಬಾದ್, ಪುದುಚೇರಿಯಂಥ ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಕೋರ್ಸಿಗೆ ಹೋಗಬೇಕೆನ್ನುವವರು ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಮೇಲೆ ಚಳಿಗಾಲದಿಂದಲೇ ಕಣ್ಣಿಡಬೇಕು, ಏಪ್ರಿಲ್‌ನಲ್ಲಿ ನನ್ನ ಪಡಸಾಲೆಗೆ ಬಂದರೆ ಆಗುವುದಿಲ್ಲ. ಅಂದ ಹಾಗೆ ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಹೆಸರಿನ ವಿಶ್ವವಿದ್ಯಾಲಯ ಇರುವುದು ಮೈಸೂರಿನಲ್ಲಿ. ನನಗೆ ಇದು ಇನ್ನೂ ಒಂಚೂರು ಚುಚ್ಚುತ್ತದೆ, ಇರಲಿ.

ಹಾಸ್ಟೆಲ್, ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಇವೆಲ್ಲ ಎಲ್ಲ ವಿದ್ಯಾರ್ಥಿಗಳಿಗೂ ಇರುವ ತಲೆನೋವು, ನಾಡಕಚೇರಿಗೆ ಮೊದಲೇ ಹೋಗಿ ಬನ್ನಿ ಅಷ್ಟೇ. ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಪಾತ್ರ ಒಪ್ಪಿಕೊಂಡು ಪ್ರಯೋಗಕ್ಕೆ ಹದಿನೈದು ದಿನ ಇರುವಾಗ ಬಿಟ್ಟು ಹೋಗಬೇಡಿ. ನಿಮ್ಮ ದಿನಚರಿಗೆ ಸಹಿ ಹಾಕಬೇಕಾದವರು ಆ ನಾಟಕದ ನಿರ್ದೇಶಕರೇ.

ಹೋದ ವಾರ ಗದಗಿನ ಹುಡುಗಿ ಬಂದಿದ್ದಳು. ಚೀಲದಿಂದ ಸೀಲು ಬಿದ್ದ ಸಿಲಬಸ್ ತೆಗೆದಳು, ದಿನಚರಿ ತೆಗೆದಳು, ಮೈಗ್ರೇಷನ್‌ಗೆ ಅರ್ಜಿ ಹಾಕಿದ ರಸೀದಿ ತೋರಿಸಿದಳು. ಮತ್ತೆ ಕಾಸ್ಟ್ಯೂಮ್ ರೂಮಿಗೆ ಏನಾದರೂ ಕೊಡೋದೈತೇನವ್ವಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಒಂದ್ ಜೋಡಿ ಗೆಜ್ಜಿ ಅದಾವ್ರಿ ಸರ್."

ನಾಳೆನೇ ಕೊಟ್ಟು ಬಾ ಅಂದೆ. ಆಮೇಲೆ ಸ್ವಗತ ಕೇಳಿದೆ.